ಯಜಮಾನರಿಲ್ಲದ ಕಂಪನಿಗಳ ಕಾವಲುಗಾರ: ಯಾರು ಈ ಪಾಲ್ ಮೈನರ್ಸ್?

2007ರ ಆಗಸ್ಟ್ ತಿಂಗಳು. ರಾಯಲ್ ಬ್ಯಾಂಕ್ ಆಫ್ ಸ್ಕಾಟ್ಲೆಂಡ್, ಮುಂದೆ ಸುಮ್ಮನೆ ಆರ್‌ಬಿಎಸ್ ಅನ್ನೋಣ, ಇನ್ನೆರಡು ಬ್ಯಾಂಕುಗಳ ಜೊತೆ ಸೇರಿ ನೆದರ್ಲೆಂಡ್ಸ್‌ನ ಎಬಿಎನ್ ಆಮ್ರೋ ಬ್ಯಾಂಕನ್ನು ಕೊಳ್ಳಲು ಹೊರಟಿತ್ತು. ಜಗತ್ತಿನ ಹಣಕಾಸು ಮಾರುಕಟ್ಟೆಗಳು ಆ ಹೊತ್ತಿಗಾಗಲೇ ನಡುಗೋಕೆ ಶುರುವಾಗಿದ್ದವು. ಆದರೂ ಷೇರುದಾರರ ಸಭೆಯಲ್ಲಿ ಬಿದ್ದ ಮತಗಳಲ್ಲಿ ಶೇ. 94ಕ್ಕೂ ಹೆಚ್ಚು ಖರೀದಿಯ ಪರ ಇದ್ದವು. 14 ತಿಂಗಳು ಕಳೆಯುವಷ್ಟರಲ್ಲಿ ಆ ಬ್ಯಾಂಕ್ ಸರ್ಕಾರದ ಬಾಗಿಲಲ್ಲಿ ನಿಂತಿತ್ತು. ಬ್ರಿಟಿಷ್ ತೆರಿಗೆದಾರರು ಅದನ್ನು ಉಳಿಸೋಕೆ ಒಟ್ಟು 4,550 ಕೋಟಿ ಪೌಂಡ್ ಸುರಿಯಬೇಕಾಯಿತು.

ಹಾಗಾದರೆ ಆ ಶೇ. 94 ಯಾರು? ಬಹುಪಾಲು ಪಿಂಚಣಿ ನಿಧಿಗಳು, ವಿಮಾ ಕಂಪನಿಗಳು, ಅವರ ಹಣ ನೋಡಿಕೊಳ್ಳುವ ಫಂಡ್ ಮ್ಯಾನೇಜರ್‌ಗಳು. ಅಂದ್ರೆ ಮೇಷ್ಟ್ರು, ನರ್ಸು, ಬಸ್ ಡ್ರೈವರ್‌ಗಳ ಉಳಿತಾಯದ ದುಡ್ಡು. ದುಡ್ಡು ಅವರದ್ದು, ಕೈ ಎತ್ತಿದ್ದು ಬೇರೆಯವರು. ಕೈ ಎತ್ತಿದವರಿಗೆ ಬ್ಯಾಂಕ್ ಮುಳುಗಿದರೂ ಸ್ವಂತ ಮನೆ ಹೋಗೋದಿಲ್ಲ.

ಇಂಥ ಕಂಪನಿಗಳನ್ನು 'ಯಜಮಾನರಿಲ್ಲದ ಕಂಪನಿಗಳು' ಅಂತ ಕರೆದು ಚರ್ಚೆಗೆ ತಂದವರಲ್ಲಿ ಮುಖ್ಯರು ಪಾಲ್ ಮೈನರ್ಸ್. ಫಂಡ್ ಮ್ಯಾನೇಜರ್, ಹಲವು ಕಂಪನಿಗಳ ಅಧ್ಯಕ್ಷ, ಸಚಿವ, ಕೊನೆಗೆ ಸಂಸತ್ತಿನ ಮೇಲ್ಮನೆಯ ಸದಸ್ಯ. ಬ್ರಿಟಿಷ್ ಬಂಡವಾಳಶಾಹಿಯ ಒಳಗೇ ಬೆಳೆದು, ಅದರ ಒಳಗಿನ ಪೊಳ್ಳನ್ನು ಬಲ್ಲವರು. ಆದರೆ ಅವರ ಜೀವನದ ಅತಿ ದೊಡ್ಡ ಪರೀಕ್ಷೆಯ ದಿನ ಅವರೂ ಕೇಳಬೇಕಾದ ಪ್ರಶ್ನೆ ಕೇಳಲಿಲ್ಲ. ಅವರ ಬಗ್ಗೆ ಓದಬೇಕಾಗಿರುವುದು ಅದಕ್ಕೇ.

ಅಧ್ಯಕ್ಷ ಅಂದ್ರೆ ಮಾಲೀಕನಲ್ಲ

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳೋಣ. ನಮ್ಮಲ್ಲಿ ದೊಡ್ಡ ಕಂಪನಿಯ ಚೇರ್ಮನ್ ಅಂದರೆ ಕಣ್ಮುಂದೆ ಬರೋದು ಆ ಮನೆತನದ ಹಿರಿಯ. ಅಪ್ಪನಿಂದ ಮಗನಿಗೆ ಬಂದ ಕುರ್ಚಿ. ಬ್ರಿಟನ್ನಿನ ದೊಡ್ಡ ಸಾರ್ವಜನಿಕ ಕಂಪನಿಗಳಲ್ಲಿ ಹಾಗಿಲ್ಲ. ಅಲ್ಲಿ ಅಧ್ಯಕ್ಷ ಸಾಮಾನ್ಯವಾಗಿ ಮಾಲೀಕನೂ ಅಲ್ಲ, ದಿನನಿತ್ಯದ ವ್ಯವಹಾರ ನಡೆಸುವವನೂ ಅಲ್ಲ. ವ್ಯವಹಾರ ನಡೆಸೋದು ಸಿಇಒ. ಅಧ್ಯಕ್ಷನ ಕೆಲಸ ನಿರ್ದೇಶಕ ಮಂಡಳಿಯನ್ನು ನಡೆಸೋದು, ಸಿಇಒನನ್ನು ನೇಮಿಸೋದು, ಬೇಕಾದರೆ ತೆಗೆಯೋದು, ಷೇರುದಾರರಿಗೆ ಉತ್ತರ ಕೊಡೋದು. ಚಾಕೊಲೇಟ್ ಕುಟುಂಬದ ಏಡ್ರಿಯನ್ ಕ್ಯಾಡ್ಬರಿ ನೇತೃತ್ವದ ಸಮಿತಿ 1992ರಲ್ಲಿ ಕೊಟ್ಟ ವರದಿ ಈ ಎರಡು ಹುದ್ದೆಗಳು ಒಬ್ಬರ ಕೈಯಲ್ಲೇ ಇರಬಾರದು ಅಂತ ಗಟ್ಟಿಯಾಗಿ ಹೇಳಿತು. ಆಮೇಲೆ ಅದೇ ರೂಢಿಯಾಯಿತು.

ಇದರಿಂದ ಒಂದು ಹೊಸ ವರ್ಗವೇ ಹುಟ್ಟಿಕೊಂಡಿತು: ವೃತ್ತಿಪರ ಅಧ್ಯಕ್ಷರು. ವಾರಕ್ಕೆ ಒಂದೆರಡು ದಿನ ಇಲ್ಲಿ, ಒಂದು ದಿನ ಅಲ್ಲಿ. ಒಂದೇ ಮುಖ ನಾಲ್ಕು ಮಂಡಳಿಗಳಲ್ಲಿ. ಲಂಡನ್ನಿನ ಹಣಕಾಸು ಕೇಂದ್ರವನ್ನು 'ಸಿಟಿ' ಅಂತಾರೆ. ಆ ಸಿಟಿಯಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಕಾವಲು ಕಾಯಬೇಕಾದವರೂ ಕಾವಲಿಗೆ ಒಳಪಡಬೇಕಾದವರೂ ಒಂದೇ ಮೇಜಿನಲ್ಲಿ ಊಟಕ್ಕೆ ಕೂರುವ ವ್ಯವಸ್ಥೆ ಅದು.

ಕಸಾಯಿ ಅಂಗಡಿಯಿಂದ ಸಿಟಿಗೆ

ಮೈನರ್ಸ್ ಹುಟ್ಟಿದ್ದು ಈ ವರ್ಗದಲ್ಲಲ್ಲ. 1948ರಲ್ಲಿ ಹುಟ್ಟಿದ ಅವರನ್ನು ಬಾತ್ ನಗರದ ಅನಾಥಾಲಯದಿಂದ ದತ್ತು ತೆಗೆದುಕೊಂಡದ್ದು ಇಂಗ್ಲೆಂಡಿನ ನೈರುತ್ಯ ತುದಿಯ ಕಾರ್ನ್‌ವಾಲ್‌ನ ಒಂದು ದಂಪತಿ. ಸಾಕಿದ ತಂದೆಗೆ ಮಾಂಸದ ಅಂಗಡಿ, ತಾಯಿಗೆ ಕೇಶಾಲಂಕಾರದ ಕೆಲಸ. ಟ್ರೂರೊ ಊರಿನ ಶಾಲೆಯಲ್ಲಿ ವಿದ್ಯಾರ್ಥಿವೇತನದ ಮೇಲೆ ಓದಿದರು. ಶಿಕ್ಷಕ ತರಬೇತಿ ಮುಗಿಸಿ ಲಂಡನ್ನಿನ ಸರ್ಕಾರಿ ಶಾಲೆಯಲ್ಲಿ ಪಾಠ ಮಾಡಿದರು. ಆಮೇಲೆ 'ಡೈಲಿ ಟೆಲಿಗ್ರಾಫ್' ಪತ್ರಿಕೆಯ ಹಣಕಾಸು ಪುಟಕ್ಕೆ ವರದಿಗಾರ. 1974ರಲ್ಲಿ ರಾಥ್‌ಚೈಲ್ಡ್ ಬ್ಯಾಂಕ್ ಸೇರಿದ ಮೇಲೆ ಮತ್ತೆ ಹಿಂದಿರುಗಿ ನೋಡಲಿಲ್ಲ.

1980ರ ದಶಕದ ಮಧ್ಯದಲ್ಲಿ ಗಾರ್ಟ್‌ಮೋರ್ ಅನ್ನೋ ಫಂಡ್ ಮ್ಯಾನೇಜ್‌ಮೆಂಟ್ ಕಂಪನಿಗೆ ಹೋದರು, ಅದರ ಅಧ್ಯಕ್ಷರಾಗಿ 2001ರವರೆಗೂ ಇದ್ದರು. ಪಿಂಚಣಿ ಹಣವನ್ನು ಷೇರುಪೇಟೆಯಲ್ಲಿ ತೊಡಗಿಸೋದೇ ಆ ಕಂಪನಿಯ ಕಸುಬು. ಮೈನರ್ಸ್ ಶ್ರೀಮಂತರಾಗಿದ್ದೂ ಇಲ್ಲೇ, ಪಿಂಚಣಿ ಹಣ ಹೇಗೆ ಓಡಾಡುತ್ತೆ, ಯಾರು ಯಾರಿಗೆ ಉತ್ತರ ಕೊಡಲ್ಲ ಅಂತ ಹತ್ತಿರದಿಂದ ನೋಡಿದ್ದೂ ಇಲ್ಲೇ.

ಗಾರ್ಟ್‌ಮೋರ್ 1996ರಲ್ಲಿ ನ್ಯಾಟ್‌ವೆಸ್ಟ್ ಬ್ಯಾಂಕಿನ ಪಾಲಾಯಿತು. ಮೈನರ್ಸ್ ಆ ಬ್ಯಾಂಕಿನ ಮಂಡಳಿಯಲ್ಲೂ ಕೂತರು. 2000ರಲ್ಲಿ ತನಗಿಂತ ಸಣ್ಣ ಬ್ಯಾಂಕೊಂದು ನ್ಯಾಟ್‌ವೆಸ್ಟನ್ನೇ ನುಂಗಿಹಾಕಿತು. ಆ ಸಣ್ಣ ಬ್ಯಾಂಕ್ ಆರ್‌ಬಿಎಸ್. ಆ ನುಂಗಾಟದಿಂದ ಸಿಟಿಯ ಹೀರೋ ಆದವರು ಫ್ರೆಡ್ ಗುಡ್‌ವಿನ್. ಎಂಟು ವರ್ಷದ ನಂತರ ಇವರಿಬ್ಬರ ದಾರಿ ಮತ್ತೆ ಕೂಡುತ್ತೆ.

ಮೂರು ದಿನದ ತರಬೇತಿ ಸಾಕಾ?

2000ರಲ್ಲಿ ಹಣಕಾಸು ಸಚಿವರಾಗಿದ್ದ ಗಾರ್ಡನ್ ಬ್ರೌನ್ ಅವರಿಗೊಂದು ಕೆಲಸ ಒಪ್ಪಿಸಿದರು. ಪಿಂಚಣಿ ನಿಧಿಗಳು, ವಿಮಾ ಕಂಪನಿಗಳ ಹೂಡಿಕೆ ತೀರ್ಮಾನಗಳು ಹೇಗೆ ಆಗ್ತಿವೆ ಅಂತ ನೋಡಿ ಹೇಳಿ ಅನ್ನೋದು. 2001ರ ಮಾರ್ಚ್‌ನಲ್ಲಿ ಬಂದ ವರದಿಗೆ 'ಮೈನರ್ಸ್ ವರದಿ' ಅಂತಲೇ ಹೆಸರು ಬಿತ್ತು.

ಪಿಂಚಣಿ ನಿಧಿಯ ಮೇಲೆ ಟ್ರಸ್ಟಿಗಳಿರುತ್ತಾರೆ, ಲಕ್ಷಾಂತರ ನೌಕರರ ಪರವಾಗಿ ತೀರ್ಮಾನ ಮಾಡುವವರು ಅವರೇ. ಅವರಲ್ಲಿ ಶೇ. 62 ಮಂದಿಗೆ ಹಣಕಾಸು ಅಥವಾ ಹೂಡಿಕೆಯಲ್ಲಿ ಯಾವ ವೃತ್ತಿ ಅರ್ಹತೆಯೂ ಇರಲಿಲ್ಲ. ಅರ್ಧಕ್ಕೂ ಹೆಚ್ಚು ಮಂದಿಗೆ ಟ್ರಸ್ಟಿಯಾದಾಗ ಸಿಕ್ಕಿದ ತರಬೇತಿ ಮೂರು ದಿನಕ್ಕಿಂತ ಕಡಿಮೆ. ಹೀಗಾಗಿ ಅವರು ಸಲಹೆಗಾರರ ಮೊರೆ ಹೋಗ್ತಿದ್ದರು. ದೇಶದ ತುಂಬ ಸಲಹೆ ಕೊಡುತ್ತಿದ್ದದ್ದು ಬೆರಳೆಣಿಕೆಯ ಸಂಸ್ಥೆಗಳು. ಅವು ಹೆಸರಿಸಿದ ಫಂಡ್ ಮ್ಯಾನೇಜರ್‌ಗೆ ಹಣ ಹೋಗುತ್ತೆ. ಆ ಮ್ಯಾನೇಜರ್‌ನನ್ನು ಅಳೆಯೋದು ಮೂರು ಮೂರು ತಿಂಗಳಿಗೆ. ಕಂಪನಿ ಹಾಳಾಗ್ತಿದೆ ಅನ್ನಿಸಿದರೆ ಅವನು ಸಭೆಯಲ್ಲಿ ಎದ್ದು ನಿಂತು ಜಗಳ ಮಾಡೋದಿಲ್ಲ, ಷೇರು ಮಾರಿ ಹೊರಟುಬಿಡುತ್ತಾನೆ. ಮಾರೋದು ಸುಲಭ, ಜಗಳ ಕಷ್ಟ.

ಹೂಡಿಕೆದಾರರು ಯಜಮಾನರ ಹಾಗೆ ನಡೆದುಕೊಳ್ಳಬೇಕು, ಕೆಟ್ಟ ಆಡಳಿತ ಕಂಡರೆ ಮಧ್ಯೆ ಪ್ರವೇಶಿಸಬೇಕು ಅಂತ ವರದಿ ಹೇಳಿತು. ಇದನ್ನು ಕಾನೂನು ಮಾಡಲಿಲ್ಲ. ಪಾಲಿಸಿ, ಇಲ್ಲವಾದರೆ ಯಾಕೆ ಪಾಲಿಸಲಿಲ್ಲ ಅಂತ ವಿವರಿಸಿ ಅನ್ನೋ ನಮೂನೆಯ ತತ್ವಗಳಾದವು. ಬ್ರಿಟಿಷರಿಗೆ ಈ ನಮೂನೆ ಬಹಳ ಇಷ್ಟ. ವಿವರಣೆ ಬರೆಯೋಕೆ ಒಬ್ಬ ಗುಮಾಸ್ತನಿದ್ದರೆ ಸಾಕು, ನಡವಳಿಕೆ ಬದಲಾಗಬೇಕಿಲ್ಲ. ಆರು ವರ್ಷದ ಮೇಲೆ ಎಬಿಎನ್ ಆಮ್ರೋ ಖರೀದಿಗೆ ಕಣ್ಣುಮುಚ್ಚಿ ಒಪ್ಪಿಗೆ ಕೊಟ್ಟವರು ಇದೇ ತತ್ವಗಳನ್ನು ಓದಿಕೊಂಡಿದ್ದವರೇ.

ಒಂದು ಅಂಗಡಿಯನ್ನು ಉಳಿಸಿಕೊಂಡ ಆರು ವಾರ

2004ರ ಬೇಸಿಗೆಯಲ್ಲಿ ಮಾರ್ಕ್ಸ್ ಅಂಡ್ ಸ್ಪೆನ್ಸರ್ ಕಂಪನಿ ಕುಂಟುತ್ತಿತ್ತು. ಒಳಉಡುಪಿನಿಂದ ಊಟದವರೆಗೆ ಮಾರುವ, ಬ್ರಿಟಿಷ್ ಮಧ್ಯಮ ವರ್ಗದ ಮನೆಮಾತಾದ ಅಂಗಡಿ ಅದು. ಬಟ್ಟೆ ಅಂಗಡಿಗಳ ಕುಬೇರ ಫಿಲಿಪ್ ಗ್ರೀನ್ ಅದನ್ನು ಪೂರ್ತಿ ಕೊಂಡುಬಿಡೋಕೆ ಬಂದರು. ಮಂಡಳಿ ಇದ್ದ ಸಿಇಒನನ್ನು ಕಳಿಸಿ ಸ್ಟುವರ್ಟ್ ರೋಸ್ ಅವರನ್ನು ತಂದಿತು, ಮಂಡಳಿಯಲ್ಲಿದ್ದ ಮೈನರ್ಸ್ ಅವರನ್ನು ಅಧ್ಯಕ್ಷರ ಕುರ್ಚಿಯಲ್ಲಿ ಕೂರಿಸಿತು.

ಗ್ರೀನ್ ಕೊನೆಗೆ ಷೇರಿಗೆ 4 ಪೌಂಡ್, ಒಟ್ಟು ಸುಮಾರು 910 ಕೋಟಿ ಪೌಂಡ್ ಕೊಡ್ತೀನಿ ಅಂದರು. ಈ ಥರದ ಖರೀದಿಯಲ್ಲಿ ದುಡ್ಡಿನ ದೊಡ್ಡ ಭಾಗ ಸಾಲದ್ದು, ಆ ಸಾಲದ ಭಾರ ಕೊನೆಗೆ ಬೀಳೋದು ಕೊಂಡ ಕಂಪನಿಯ ತಲೆ ಮೇಲೇ. ಮೈನರ್ಸ್ ಮತ್ತು ರೋಸ್ ಕಂಪನಿಯ ಲೆಕ್ಕಪತ್ರ ನೋಡೋಕೂ ಗ್ರೀನ್‌ಗೆ ಬಿಡಲಿಲ್ಲ. ದೊಡ್ಡ ಷೇರುದಾರರನ್ನು ಒಬ್ಬೊಬ್ಬರನ್ನಾಗಿ ಕಂಡು ಮಾತಾಡಿದರು. ಜುಲೈ ಮಧ್ಯದಲ್ಲಿ ಗ್ರೀನ್ ಹಿಂದೆ ಸರಿದರು. ಮೈನರ್ಸ್ 2006ರವರೆಗೆ ಅಧ್ಯಕ್ಷರಾಗಿ ಉಳಿದರು.

ಗೆದ್ದರಾ? 2007ರಲ್ಲಿ ಷೇರಿನ ಬೆಲೆ 7 ಪೌಂಡ್ ದಾಟಿತು, ಎಲ್ಲರೂ ಚಪ್ಪಾಳೆ ಹೊಡೆದರು. ಮರುವರ್ಷ ಅದು ಗ್ರೀನ್ ಕೊಡ್ತೀನಿ ಅಂದಿದ್ದ 4 ಪೌಂಡಿಗಿಂತ ಕೆಳಗೆ ಬಿತ್ತು. ಷೇರುದಾರನ ಜೇಬು ನೋಡಿದರೆ ಉತ್ತರ ಸಿಗಲ್ಲ. ಆದರೆ ಇನ್ನೊಂದು ಕಡೆಯಿಂದ ನೋಡಿ. ಗ್ರೀನ್ ಕೈಯಲ್ಲಿದ್ದ ಆರ್ಕೇಡಿಯಾ ಕಂಪನಿ 2005ರಲ್ಲಿ ಅವರ ಕುಟುಂಬಕ್ಕೆ 120 ಕೋಟಿ ಪೌಂಡ್ ಲಾಭಾಂಶ ಕೊಟ್ಟಿತು. ಹಣ ಹೋಗಿದ್ದು ಮೊನಾಕೋದಲ್ಲಿ ನೆಲೆಸಿದ್ದ ಹೆಂಡತಿಯ ಹೆಸರಿಗೆ. ಅವರದೇ ಇನ್ನೊಂದು ಅಂಗಡಿ ಸರಣಿ ಬಿಎಚ್‌ಎಸ್ 2015ರಲ್ಲಿ 1 ಪೌಂಡಿಗೆ ಮಾರಾಟವಾಗಿ ಮರುವರ್ಷ ಮುಚ್ಚಿತು. 11,000 ಮಂದಿ ಕೆಲಸ ಕಳೆದುಕೊಂಡರು, ಪಿಂಚಣಿ ನಿಧಿಯಲ್ಲಿ 57.1 ಕೋಟಿ ಪೌಂಡ್ ಖೋತಾ. ಸಂಸತ್ತು, ಪತ್ರಿಕೆಗಳು ಬೆನ್ನು ಹತ್ತಿದ ಮೇಲೆ 2017ರಲ್ಲಿ ಗ್ರೀನ್ 36.3 ಕೋಟಿ ಪೌಂಡ್ ಕಟ್ಟಿಕೊಟ್ಟರು. ಮಾರ್ಕ್ಸ್ ಅಂಡ್ ಸ್ಪೆನ್ಸರ್‌ನ ಕೌಂಟರ್ ಹಿಂದೆ ನಿಂತಿದ್ದ ಹೆಣ್ಣುಮಕ್ಕಳಿಗೆ ಆ ಆರು ವಾರದ ಜಗಳದಿಂದ ಏನು ಉಳಿಯಿತು ಅಂತ ಕೇಳಿದರೆ ಅಂದಾಜು ಮಾಡೋದು ಕಷ್ಟವಲ್ಲ.

ಈ ವರ್ಷಗಳಲ್ಲಿ ಮೈನರ್ಸ್ ಕೂತಿದ್ದ ಕುರ್ಚಿಗಳ ಪಟ್ಟಿ ನೋಡಿದರೆ ಉಸಿರು ಕಟ್ಟುತ್ತೆ: 'ಗಾರ್ಡಿಯನ್' ಪತ್ರಿಕೆಯ ಮಾತೃಸಂಸ್ಥೆಯ ಅಧ್ಯಕ್ಷ, ಟೇಟ್ ಕಲಾ ಸಂಗ್ರಹಾಲಯದ ಟ್ರಸ್ಟಿಗಳ ಅಧ್ಯಕ್ಷ, ಲ್ಯಾಂಡ್ ಸೆಕ್ಯುರಿಟೀಸ್ ಅನ್ನೋ ಭಾರೀ ಆಸ್ತಿ ಕಂಪನಿಯ ಅಧ್ಯಕ್ಷ, ಬ್ಯಾಂಕ್ ಆಫ್ ಇಂಗ್ಲೆಂಡಿನ ಮಂಡಳಿ ಸದಸ್ಯ. ಕನಿಷ್ಠ ವೇತನ ಎಷ್ಟಿರಬೇಕು ಅಂತ ಶಿಫಾರಸು ಮಾಡುವ ಆಯೋಗಕ್ಕೂ ಅವರೇ ಅಧ್ಯಕ್ಷರು. ಅದೇ ಕಾಲದಲ್ಲಿ ಬರ್ಮುಡಾದಲ್ಲಿ ನೋಂದಾಯಿತವಾದ ಆಸ್ಪೆನ್ ವಿಮಾ ಕಂಪನಿಯ ಅಧ್ಯಕ್ಷರೂ ಆಗಿದ್ದರು. ಬರ್ಮುಡಾ ಅಂದ್ರೆ ತೆರಿಗೆ ಉಳಿಸುವವರ ಸ್ವರ್ಗ. ಸಚಿವರಾದ ಮೇಲೆ ಇದನ್ನು ಎತ್ತಿ ಆಡಿದವರಿಗೇನೂ ಕಮ್ಮಿಯಿರಲಿಲ್ಲ. ಒಂದು ಕೈಯಲ್ಲಿ ಕನಿಷ್ಠ ವೇತನ, ಇನ್ನೊಂದು ಕೈಯಲ್ಲಿ ಬರ್ಮುಡಾ. ಬ್ಲೇರ್ ಮತ್ತು ಬ್ರೌನ್ ಕಾಲದ ಲೇಬರ್ ಪಕ್ಷವನ್ನು ಒಂದು ಸಾಲಿನಲ್ಲಿ ವಿವರಿಸಬೇಕಾದರೆ ಇಷ್ಟು ಸಾಕು.

ಆ ಶನಿವಾರ, ಭಾನುವಾರ

2008ರ ಅಕ್ಟೋಬರ್ 3ರಂದು ಪ್ರಧಾನಿ ಬ್ರೌನ್ ಅವರು ಮೈನರ್ಸ್‌ರನ್ನು ಮೇಲ್ಮನೆಗೆ ತಂದು ಹಣಕಾಸು ಸೇವೆಗಳ ಸಚಿವರನ್ನಾಗಿ ಮಾಡಿದರು. ಲೇಮನ್ ಬ್ರದರ್ಸ್ ಬಿದ್ದು ಮೂರು ವಾರ ಆಗಿತ್ತು. ಕುರ್ಚಿಯಲ್ಲಿ ಕೂತು ಸುಧಾರಿಸಿಕೊಳ್ಳೋಕೂ ಪುರುಸೊತ್ತಿಲ್ಲ. ಮುಂದಿನ ಮಂಗಳವಾರ ರಾತ್ರಿ ಹಣಕಾಸು ಇಲಾಖೆಯಲ್ಲಿ ಜಾಗರಣೆ. ಕೆನಿಂಗ್ಟನ್‌ನ 'ಗಾಂಧೀಸ್' ಅನ್ನೋ ಭಾರತೀಯ ಹೋಟೆಲಿನಿಂದ ಸಾರು, ಅನ್ನ ತರಿಸಿಕೊಂಡು ತಿಂದು ಬೆಳಗಿನ ಜಾವದವರೆಗೆ ಲೆಕ್ಕ ಹಾಕಿದರು. ಮಾರನೇ ದಿನ 50,000 ಕೋಟಿ ಪೌಂಡ್ ಮೊತ್ತದ ರಕ್ಷಣಾ ಯೋಜನೆ ಹೊರಬಿತ್ತು. ಅಕ್ಟೋಬರ್ 13ರ ಸೋಮವಾರದ ಹೊತ್ತಿಗೆ ಮೂರು ಬ್ಯಾಂಕುಗಳಿಗೆ 3,700 ಕೋಟಿ ಪೌಂಡ್ ಬಂಡವಾಳ ಹಾಕುವ ತೀರ್ಮಾನವೂ ಆಗಿತ್ತು.

ಆ ಸೋಮವಾರಕ್ಕೆ ಮೊದಲಿನ ಎರಡು ದಿನ ಏನಾಯಿತು ಅನ್ನೋದೇ ಮುಖ್ಯ. ಸರ್ಕಾರ ದುಡ್ಡು ಹಾಕೋದಾದರೆ ಆರ್‌ಬಿಎಸ್‌ನ ಸಿಇಒ ಗುಡ್‌ವಿನ್ ಹೋಗಲೇಬೇಕು. ಹೇಗೆ ಹೋಗಬೇಕು? ಇಲ್ಲಿ ಒಂದು ಸಣ್ಣ ನಿಯಮವಿದೆ. ಬ್ಯಾಂಕ್ ಅವರನ್ನು ವಜಾ ಮಾಡಿದ್ದರೆ ಪಿಂಚಣಿ ಸಿಗೋಕೆ ವಯಸ್ಸಾಗುವವರೆಗೆ ಕಾಯಬೇಕಿತ್ತು, ಇಲ್ಲಾಂದ್ರೆ ಕಡಿತ ಮಾಡಿಸಿಕೊಂಡು ತಗೋಬೇಕಿತ್ತು. ಬ್ಯಾಂಕಿನ ಕೋರಿಕೆಯ ಮೇರೆಗೆ ಬೇಗ ನಿವೃತ್ತರಾದರು ಅಂತ ದಾಖಲಿಸಿದರೆ, 50ನೇ ವಯಸ್ಸಿಗೇ ಪೂರ್ತಿ ಪಿಂಚಣಿ. ಆರ್‌ಬಿಎಸ್ ಮಂಡಳಿ ಎರಡನೇ ದಾರಿ ಹಿಡಿಯಿತು. ಗುಡ್‌ವಿನ್‌ಗೆ ಸರಿಯಾಗಿ 50 ವರ್ಷ. ಅವರ ಪಿಂಚಣಿ ಗಂಟು ಒಂದೇ ಏಟಿಗೆ ಹೆಚ್ಚುಕಡಿಮೆ ಎರಡು ಪಟ್ಟಾಯಿತು. ವರ್ಷಕ್ಕೆ 7 ಲಕ್ಷ 3 ಸಾವಿರ ಪೌಂಡ್, ಬದುಕಿರುವವರೆಗೆ. 2008ನೇ ಸಾಲಿಗೆ ಆ ಬ್ಯಾಂಕ್ ತೋರಿಸಿದ ನಷ್ಟ 2,410 ಕೋಟಿ ಪೌಂಡ್. ಬ್ರಿಟಿಷ್ ಕಂಪನಿಗಳ ಚರಿತ್ರೆಯಲ್ಲೇ ಅಲ್ಲಿಯವರೆಗೆ ಅಷ್ಟು ದೊಡ್ಡ ನಷ್ಟವಿರಲಿಲ್ಲ.

2009ರ ಫೆಬ್ರವರಿಯಲ್ಲಿ ವಿಷಯ ಹೊರಬಂದಾಗ ದೇಶ ಕುದಿಯಿತು. ಸೋತವರಿಗೆ ಬಹುಮಾನ ಬೇಡ ಅಂತ ನಾನು ಮೊದಲೇ ಹೇಳಿದ್ದೆ, ಪಿಂಚಣಿ ಒಪ್ಪಂದದ ಪ್ರಕಾರ ಕೊಡಲೇಬೇಕಾದದ್ದು ಅಂತ ಬ್ಯಾಂಕಿನವರು ನನಗೆ ತಿಳಿಸಿದರು, ಮಂಡಳಿಗೆ ಆಯ್ಕೆ ಇತ್ತು ಅನ್ನೋದು ಗೊತ್ತಿರಲಿಲ್ಲ ಅನ್ನೋದು ಮೈನರ್ಸ್ ವಾದ. ಅವರಿಗೆ ಎಲ್ಲಾ ಹೇಳಿದ್ದೆವು, ಅವರೇನೂ ಆಕ್ಷೇಪ ಎತ್ತಲಿಲ್ಲ ಅನ್ನೋದು ಬ್ಯಾಂಕಿನವರ ವಾದ. ಸಂಸತ್ತಿನ ಹಣಕಾಸು ಸಮಿತಿ ಇಬ್ಬರನ್ನೂ ಕೂರಿಸಿ ಕೇಳಿತು. ಮೈನರ್ಸ್ ಅವರ ಸಿಟಿ ಹಿನ್ನೆಲೆಯೇ ಅವರು ಆ ಮಂಡಳಿಯನ್ನು ಅತಿಯಾಗಿ ನಂಬುವ ಹಾಗೆ ಮಾಡಿರಬಹುದು, ಇಂಥ ಮೊತ್ತ ಜನರ ಕಣ್ಣಿಗೆ ಹೇಗೆ ಕಾಣುತ್ತೆ ಅನ್ನೋದು ಅವರಿಗೆ ಹೊಳೆಯಲಿಲ್ಲ ಅನ್ನೋ ಅರ್ಥದ ಮಾತನ್ನು ಸಮಿತಿಯ ವರದಿ ಹೇಳಿತು.

ನನ್ನ ಮಟ್ಟಿಗೆ ಅವರ ಮೇಲೆ ಬಂದ ಟೀಕೆಗಳಲ್ಲಿ ಇದಕ್ಕಿಂತ ಚುಚ್ಚುವಂಥದ್ದು ಇನ್ನೊಂದಿಲ್ಲ. ಆ ಎರಡು ದಿನ ಆರ್‌ಬಿಎಸ್ ಯಜಮಾನರಿಲ್ಲದ ಕಂಪನಿಯಾಗಿರಲಿಲ್ಲ. ಯಜಮಾನ ಬಂದಾಗಿತ್ತು: ಬ್ರಿಟಿಷ್ ಜನತೆ. ಆ ಯಜಮಾನನ ಪ್ರತಿನಿಧಿಯಾಗಿ ಕೋಣೆಯಲ್ಲಿದ್ದವರು ಮೈನರ್ಸ್. ಹೂಡಿಕೆದಾರರು ಮಂಡಳಿಯ ಮಾತನ್ನು ಸುಮ್ಮನೆ ನಂಬಬಾರದು, ಕಾಗದ ಕೇಳಿ ಓದಬೇಕು ಅಂತ ಏಳು ವರ್ಷದ ಹಿಂದೆ ಬರೆದಿದ್ದವರೂ ಅವರೇ. ಒಂದು ಸಮಾಧಾನ ಹೇಳಬಹುದು. ದೇಶದ ಎಟಿಎಂಗಳೇ ನಿಂತುಹೋಗುವ ಭಯವಿದ್ದ ಹೊತ್ತಿನಲ್ಲಿ ಒಬ್ಬರ ಪಿಂಚಣಿ ಸಣ್ಣ ವಿಷಯವಾಗಿ ಕಂಡಿರಬಹುದು. ಆದರೆ ಜನ ನೆನಪಿಟ್ಟುಕೊಂಡಿರೋದು 50,000 ಕೋಟಿಯನ್ನಲ್ಲ, ಆ 7 ಲಕ್ಷವನ್ನ. ಗುಡ್‌ವಿನ್ ಮುಂದೆ ಒತ್ತಡಕ್ಕೆ ಮಣಿದು ವರ್ಷಕ್ಕೆ 3 ಲಕ್ಷ 42 ಸಾವಿರದ 500 ಪೌಂಡಿಗೆ ಒಪ್ಪಿಕೊಂಡರು. 2012ರಲ್ಲಿ 'ಸರ್' ಪದವಿಯೂ ಹೋಯಿತು.

ಇದೇ ಅವಧಿಯ ಇನ್ನೊಂದು ದೃಶ್ಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ. 2009ರ ಫೆಬ್ರವರಿಯಲ್ಲಿ ಅದೇ ಸಮಿತಿಯ ಮುಂದೆ ಆರ್‌ಬಿಎಸ್ ಮತ್ತು ಎಚ್‌ಬಿಒಎಸ್ ಬ್ಯಾಂಕುಗಳ ಮಾಜಿ ಅಧ್ಯಕ್ಷರು, ಮಾಜಿ ಸಿಇಒಗಳು ಹೀಗೆ ನಾಲ್ವರು ಕೂತಿದ್ದರು. ನಿಮಗೆ ಬ್ಯಾಂಕಿಂಗ್‌ನಲ್ಲಿ ಏನಾದರೂ ಅರ್ಹತೆ ಇದೆಯಾ ಅಂತ ಕೇಳಲಾಯಿತು. ನಾಲ್ವರಲ್ಲಿ ಒಬ್ಬರಿಗೂ ಇರಲಿಲ್ಲ. ಆರ್‌ಬಿಎಸ್ ಅಧ್ಯಕ್ಷರಾಗಿದ್ದ ಟಾಮ್ ಮೆಕಿಲಪ್ ರಸಾಯನಶಾಸ್ತ್ರ ಓದಿ ಔಷಧ ಕಂಪನಿ ನಡೆಸಿ ಬಂದವರು.

ಪ್ಲಾಸ್ಟರ್ ಕೆಲಸದವನೂ ನರ್ಸಮ್ಮನೂ ಮಂಡಳಿಯಲ್ಲಿ

2010ರಲ್ಲಿ ಲೇಬರ್ ಸೋತಿತು, ಮೈನರ್ಸ್ ಸಚಿವ ಸ್ಥಾನ ಮುಗಿಯಿತು. ಮೂರು ವರ್ಷದ ಮೇಲೆ ಇನ್ನೊಂದು ಉರಿಯುವ ಮನೆಯಿಂದ ಕರೆ ಬಂತು.

ಕೋ-ಆಪರೇಟಿವ್ ಗ್ರೂಪ್, ಬ್ರಿಟಿಷರ ಬಾಯಲ್ಲಿ 'ಕೋ-ಆಪ್'. ದಿನಸಿ ಅಂಗಡಿ, ಔಷಧ ಅಂಗಡಿ, ಶವಸಂಸ್ಕಾರ ಸೇವೆ, ಹೊಲ, ಒಂದು ಬ್ಯಾಂಕ್. ಇದರ ಬೇರು 1844ರಲ್ಲಿ ರಾಚ್‌ಡೇಲ್ ಊರಿನಲ್ಲಿ ನೇಕಾರರು ಮತ್ತಿತರ ಕಸುಬಿನವರು, ಒಟ್ಟು 28 ಜನ ಸೇರಿ ತೆರೆದ ಅಂಗಡಿಯಲ್ಲಿದೆ. ಎಷ್ಟೇ ದುಡ್ಡು ಹಾಕಿದ್ದರೂ ಒಬ್ಬ ಸದಸ್ಯನಿಗೆ ಒಂದೇ ಮತ. ಇದು ನಮಗೆ ಅಪರಿಚಿತ ಲೋಕವಲ್ಲ. 1904ರಲ್ಲಿ ಸಹಕಾರಿ ಕಾಯ್ದೆ ಬಂದ ಮರುವರ್ಷವೇ ಗದಗ ತಾಲೂಕಿನ ಕಣಗಿನಹಾಳದಲ್ಲಿ ಪತ್ತಿನ ಸಂಘ ಹುಟ್ಟಿತ್ತು. ಊರ ಸಹಕಾರಿ ಸಂಘದ ಚುನಾವಣೆ ನೋಡಿದವರಿಗೆ ಮುಂದಿನ ಕತೆ ಬೇಗ ಅರ್ಥವಾಗುತ್ತೆ.

ಕೋ-ಆಪ್‌ನಲ್ಲಿ ಸುಮಾರು 80 ಲಕ್ಷ ಸದಸ್ಯರಿದ್ದರು. ಅವರು ಸ್ಥಳೀಯ ಸಮಿತಿಗಳನ್ನು ಆರಿಸ್ತಾರೆ, ಆ ಸಮಿತಿಗಳು ಪ್ರಾದೇಶಿಕ ಮಂಡಳಿಗಳನ್ನು, ಅವು ಮುಖ್ಯ ಮಂಡಳಿಯನ್ನು. ಮೂರು ಮೆಟ್ಟಿಲು. ನಿಜವಾಗಿ ಓಡಾಡುತ್ತಿದ್ದವರು ಕೆಲವು ಸಾವಿರ ಕಾರ್ಯಕರ್ತರು ಮಾತ್ರ. ಮೇಲಿನ ಮಂಡಳಿಯಲ್ಲಿ ಪ್ಲಾಸ್ಟರ್ ಕೆಲಸದವರು, ನರ್ಸ್, ತೋಟಗಾರಿಕೆಯವರು ಕೂತಿದ್ದರು. ಬ್ಯಾಂಕಿನ ಅಧ್ಯಕ್ಷರು ಪಾಲ್ ಫ್ಲವರ್ಸ್, ಮೆಥಡಿಸ್ಟ್ ಪಾದ್ರಿ. ಯೌವನದಲ್ಲಿ ಕೆಲವು ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿದ್ದು ಬಿಟ್ಟರೆ ಬೇರೆ ಅನುಭವವಿಲ್ಲ. ಹಾಗಿದ್ದೂ ನಿಯಂತ್ರಕ ಸಂಸ್ಥೆ 2010ರಲ್ಲಿ ಅವರ ನೇಮಕಕ್ಕೆ ಒಪ್ಪಿಗೆ ಕೊಟ್ಟಿತ್ತು.

ಈ ಬ್ಯಾಂಕ್ 2009ರಲ್ಲಿ ಬ್ರಿಟಾನಿಯಾ ಅನ್ನೋ ಗೃಹಸಾಲ ಸಂಘವನ್ನು ಸೇರಿಸಿಕೊಂಡು ಅದರ ಕೆಟ್ಟ ಸಾಲಗಳನ್ನೂ ಹೊತ್ತುಕೊಂಡಿತು. ಅಷ್ಟು ಸಾಲದು ಅಂತ ಲಾಯ್ಡ್ಸ್ ಬ್ಯಾಂಕಿನ 600ಕ್ಕೂ ಹೆಚ್ಚು ಶಾಖೆಗಳನ್ನು ಕೊಳ್ಳೋಕೂ ಹೊರಟಿತು. 2013ರ ಏಪ್ರಿಲ್‌ನಲ್ಲಿ ಆ ವ್ಯವಹಾರ ಮುರಿದುಬಿತ್ತು, ಜೂನ್‌ನಲ್ಲಿ ಬಂಡವಾಳದಲ್ಲಿ 150 ಕೋಟಿ ಪೌಂಡ್ ತೂತು ಕಂಡಿತು. ನವೆಂಬರ್‌ನಲ್ಲಿ ಸಂಸದೀಯ ಸಮಿತಿ ಬ್ಯಾಂಕಿನ ಆಸ್ತಿ ಎಷ್ಟು ಅಂತ ಕೇಳಿದಾಗ ಫ್ಲವರ್ಸ್ 300 ಕೋಟಿ ಪೌಂಡ್ ಅಂದರು. ಸರಿ ಉತ್ತರ 4,700 ಕೋಟಿ. ಕೆಲವೇ ದಿನದಲ್ಲಿ ಅವರು ಮಾದಕವಸ್ತು ಕೊಳ್ಳುವ ವಿಡಿಯೊ ಪತ್ರಿಕೆಯೊಂದರಲ್ಲಿ ಬಂತು. ಸಂಬಂಧವೇ ಇಲ್ಲದ ಆ ಹಗರಣ, ನಿಜವಾದ ಹಗರಣವನ್ನು ಮುಚ್ಚಿಹಾಕಿತು. ಬ್ಯಾಂಕಿನ ಬಹುಪಾಲು ಅಮೆರಿಕದ ಹೆಡ್ಜ್ ಫಂಡ್‌ಗಳು ಮತ್ತಿತರ ಸಾಲಿಗರ ಕೈಸೇರಿತು.

2013ರ ಡಿಸೆಂಬರ್‌ನಲ್ಲಿ ಮೈನರ್ಸ್ ಮುಖ್ಯ ಮಂಡಳಿಗೆ ಬಂದರು, ಆಡಳಿತ ಹೇಗೆ ಸರಿಮಾಡಬೇಕು ಅಂತ ಹೇಳೋಕೆ. ಮಾರ್ಚ್‌ನಲ್ಲಿ ಸಿಇಒ ಯೂವನ್ ಸದರ್ಲೆಂಡ್ ಇದನ್ನು ಆಳೋಕೇ ಆಗಲ್ಲ ಅಂತ ಹೇಳಿ ರಾಜೀನಾಮೆ ಕೊಟ್ಟರು. ಏಪ್ರಿಲ್‌ನಲ್ಲಿ ಮೈನರ್ಸ್ ಕೂಡ ಹೊರಡೋದಾಗಿ ಹೇಳಿದರು, ವರದಿ ಮುಗಿಸಿಯೇ ಹೋಗ್ತೀನಿ ಅಂದರು. ಅದೇ ತಿಂಗಳು ಕೋ-ಆಪ್ 2013ನೇ ಸಾಲಿಗೆ 250 ಕೋಟಿ ಪೌಂಡ್ ನಷ್ಟ ತೋರಿಸಿತು.

ಮೇ ತಿಂಗಳಲ್ಲಿ ಬಂದ ವರದಿ ನಿಷ್ಠುರವಾಗಿತ್ತು. ಮಂಡಳಿ ಸಣ್ಣದಾಗಬೇಕು, ದೊಡ್ಡ ವ್ಯವಹಾರ ನಡೆಸಿ ಗೊತ್ತಿರುವ ಸ್ವತಂತ್ರ ನಿರ್ದೇಶಕರು ಬರಬೇಕು, ಸದಸ್ಯರ ದನಿಗೆ ಪ್ರತ್ಯೇಕ ಪರಿಷತ್ತು ಇರಲಿ, ಆದರೆ ಮಂಡಳಿಯ ಕುರ್ಚಿ ಚುನಾವಣೆಯಿಂದ ಸಿಗಬಾರದು. ಸಹಕಾರಿಗಳು ಸಿಟ್ಟಾದರು. 170 ವರ್ಷದ ಚಳವಳಿಯನ್ನು ಷೇರುಪೇಟೆಯ ಕಂಪನಿ ಮಾಡೋಕೆ ಹೊರಟಿದ್ದಾರೆ ಅಂದರು.

ಇಲ್ಲಿ ಯಾರ ಪರ ನಿಲ್ಲಬೇಕು? 4,700 ಕೋಟಿಯ ಬ್ಯಾಂಕನ್ನು 300 ಕೋಟಿಯದ್ದು ಅನ್ನುವ ಅಧ್ಯಕ್ಷರನ್ನು ಪ್ರಜಾಪ್ರಭುತ್ವದ ಹೆಸರಲ್ಲಿ ಸಮರ್ಥಿಸೋಕಾಗಲ್ಲ. ಠೇವಣಿ ಇಟ್ಟವರಿಗೂ ಕೆಲಸಗಾರರಿಗೂ ಅದು ಮಾಡುವ ದ್ರೋಹ. ಆದರೆ ಆರ್‌ಬಿಎಸ್ ಮಂಡಳಿಯಲ್ಲಿ ಪ್ಲಾಸ್ಟರ್ ಕೆಲಸದವರು ಇರಲಿಲ್ಲವಲ್ಲ? ಅಲ್ಲಿದ್ದದ್ದು ಸಿಟಿ ಮೆಚ್ಚುವ ದೊಡ್ಡ ದೊಡ್ಡ ಹೆಸರುಗಳು. ಅಲ್ಲಿನ ಅಧ್ಯಕ್ಷರಿಗೂ ಸಿಇಒಗೂ ಬ್ಯಾಂಕಿಂಗ್ ಅರ್ಹತೆ ಇರಲಿಲ್ಲ, ಅವರು ಮಾಡಿದ ನಷ್ಟ ಕೋ-ಆಪ್‌ನದ್ದಕ್ಕಿಂತ ಹತ್ತಿರ ಹತ್ತಿರ ಹತ್ತು ಪಟ್ಟು. ಕಾರ್ಮಿಕ ಸೋತರೆ 'ಅರ್ಹತೆ ಇಲ್ಲ' ಅಂತಾರೆ, ಸರ್ ಪದವಿಯವನು ಸೋತರೆ 'ಮಾರುಕಟ್ಟೆ ಕೆಟ್ಟಿತ್ತು' ಅಂತಾರೆ. ಮೈನರ್ಸ್ ಎರಡೂ ಕಡೆ ನೋಡಿದ್ದ ಅಪರೂಪದ ಮನುಷ್ಯ. ಆದರೂ ಅವರ ಮದ್ದು ಎರಡನೇ ಬಾರಿಗೂ ಅದೇ: ಇನ್ನಷ್ಟು ಅನುಭವಿ ನಿರ್ದೇಶಕರು. ಸದಸ್ಯನಿಗೆ ಲೆಕ್ಕ ಓದೋಕೆ ಕಲಿಸುವ, ಪ್ರಶ್ನೆ ಕೇಳುವ ಶಕ್ತಿ ಕೊಡುವ ದಾರಿ ಅವರ ಯೋಜನೆಯಲ್ಲಿ ಹಿಂದಕ್ಕೆ ಸರಿಯಿತು.

ಆಗಸ್ಟ್ 30ರಂದು ಸದಸ್ಯ ಪ್ರತಿನಿಧಿಗಳು ಒಪ್ಪಿದ್ದು ಒಂದು ನಡುದಾರಿಯನ್ನ. ಸ್ವತಂತ್ರ ನಿರ್ದೇಶಕರದೇ ಬಹುಮತ, ಜೊತೆಗೆ ಸದಸ್ಯರ ಕಡೆಯಿಂದ ಮೂವರು, 100 ಜನರ ಪರಿಷತ್ತು. ಮೈನರ್ಸ್ ಅಷ್ಟರಲ್ಲಿ ಅಲ್ಲಿಂದ ಹೊರಟಾಗಿತ್ತು.

ಆಮೇಲೆ

ಕೊನೆಯ ವರ್ಷಗಳಲ್ಲಿ ಅವರು ಲೇಬರ್ ಸಾಲಿನಿಂದ ಎದ್ದು ಪಕ್ಷವಿಲ್ಲದವರ ಜೊತೆ ಕೂತರು. ಗ್ರೀನ್‌ಸಿಲ್ ಅನ್ನೋ ಹಣಕಾಸು ಕಂಪನಿ, ಅದರಿಂದ ಸಾಲ ಪಡೆಯುತ್ತಿದ್ದ ಉಕ್ಕು ಉದ್ಯಮಿ ಸಂಜೀವ್ ಗುಪ್ತಾ ಇವರ ವ್ಯವಹಾರದ ಬಗ್ಗೆ ಮೇಲ್ಮನೆಯಲ್ಲಿ ಪ್ರಶ್ನೆಗಳನ್ನು ಹಾಕಿದರು. ಆಗ ಹೆಚ್ಚು ಜನ ಕಿವಿಗೊಡಲಿಲ್ಲ. 2021ರ ಮಾರ್ಚ್‌ನಲ್ಲಿ ಗ್ರೀನ್‌ಸಿಲ್ ಕುಸಿದು, ಮಾಜಿ ಪ್ರಧಾನಿ ಡೇವಿಡ್ ಕ್ಯಾಮರೂನ್ ಆ ಕಂಪನಿ ಪರವಾಗಿ ಸಚಿವರಿಗೆ ಮೊಬೈಲ್ ಸಂದೇಶ ಕಳಿಸುತ್ತಿದ್ದದ್ದು ಬಯಲಾದಾಗ ಎಲ್ಲರೂ ಹಳೇ ಪ್ರಶ್ನೆಗಳನ್ನು ಹುಡುಕಿ ತೆಗೆದರು. ಈ ಸಲ ಅವರು ಸರಿಯಾದ ಹೊತ್ತಿಗೆ ಕೇಳಿದ್ದರು. 2022ರ ಜನವರಿಯಲ್ಲಿ, 73ನೇ ವಯಸ್ಸಿನಲ್ಲಿ ತೀರಿಕೊಂಡರು.

ಆರ್‌ಬಿಎಸ್ ಈಗ ನ್ಯಾಟ್‌ವೆಸ್ಟ್ ಅನ್ನೋ ಹೆಸರಲ್ಲಿದೆ. ಅದರಲ್ಲಿ ಸರ್ಕಾರದ ಕಡೆಯ ಪಾಲು 2025ರ ಮೇ ತಿಂಗಳಲ್ಲಿ ಮಾರಾಟವಾಯಿತು. ಹಾಕಿದ 4,550 ಕೋಟಿಯಲ್ಲಿ ಸುಮಾರು 1,050 ಕೋಟಿ ಪೌಂಡ್ ವಾಪಸ್ ಬರಲಿಲ್ಲ. ಕೋ-ಆಪ್ ಬ್ಯಾಂಕನ್ನು ಅದೇ ವರ್ಷದ ಜನವರಿಯಲ್ಲಿ ಕವೆಂಟ್ರಿ ಗೃಹಸಾಲ ಸಂಘ 78 ಕೋಟಿ ಪೌಂಡಿಗೆ ಕೊಂಡಿತು. ಅದೂ ಸದಸ್ಯರೇ ಮಾಲೀಕರಾಗಿರುವ ಸಂಸ್ಥೆ. ಈ ಖರೀದಿ ಬೇಕಾ ಬೇಡವಾ ಅಂತ ಅದರ ಸದಸ್ಯರ ಮತ ಕೇಳಲಿಲ್ಲ.